ಕೊರತೆ ಐತೆ

ಹೊಸೂರಿನ ಒಂದು ಪ್ರಾರ್ಥನಾ ಕೂಟದಲ್ಲಿ ವಯಸ್ಸಾದ ಉಪದೇಶಿಯೊಬ್ಬರು ಪ್ರಸಂಗಕ್ಕೆ ನಿಂತರು. ಬೈಬಲ್ ಬಿಚ್ಚಿ ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು, ಅಕ್ಷರ ಕಾಣಲಿಲ್ಲ. ಮುಂದೆ ಚಾಪೆಯ ಮೇಲೆ ಕೂತಿದ್ದ ಹುಡುಗಿ ಎದ್ದು ಬಂದು ವಚನ ಓದಿಕೊಟ್ಟಳು. ಆಮೇಲೆ ಅವರು ಆಡಿದ ಮೊದಲ ಮಾತು: "ನನ್ನಲ್ಲಿ ಕೊರತೆ ಐತೆ. ಕರೆದೋನಲ್ಲಿ ಇಲ್ಲ."

ಆ 'ಕೊರತೆ' ನನ್ನ ಜೊತೆ ಬಸ್ಸು ಹತ್ತಿ ಮನೆಯವರೆಗೂ ಬಂತು. ಈ ಪದವನ್ನು ಒಬ್ಬರು ತಮ್ಮ ಬಗ್ಗೆಯೇ ಆಡಿಕೊಂಡದ್ದು ಕೇಳಿ ಎಷ್ಟು ಕಾಲವಾಗಿತ್ತು! ಈಗ ಕೊರತೆ ಇರುವುದು ಮಳೆಗೆ, ಬಜೆಟ್ಟಿಗೆ, ಸಿಬ್ಬಂದಿಗೆ. "ನನ್ನ ಕುಂದುಕೊರತೆ ಮನ್ನಿಸಿ" ಎಂದು ಕೈಮುಗಿಯುತ್ತಿದ್ದ ಮಾತು 'ಕುಂದುಕೊರತೆ ಸಭೆ'ಯಾಗಿ, ಇನ್ನೊಬ್ಬರ ಮೇಲೆ ಹೇಳುವ ದೂರಾಗಿದೆ. ತಮಿಳಿನ 'ಕುರೈ' ಕೂಡ ಅದೇ ದಾರಿ ಹಿಡಿದಿದೆ. ಕೃಷ್ಣಗಿರಿಯ ಕಲೆಕ್ಟರ್ ಕಚೇರಿಯಲ್ಲಿ ಸೋಮವಾರ ಜನ ಅರ್ಜಿ ಹಿಡಿದು ಸಾಲು ನಿಲ್ಲುವುದು 'ಕುರೈ ತೀರ್ಕುಂ' ಕೂಟಕ್ಕೆ. ದೂರು ಕೊಡುವುದು ತಪ್ಪಲ್ಲ. ನೀರು ಬೇಕು, ರಸ್ತೆ ಬೇಕು. ಆದರೆ ಪದದ ಒಂದೇ ಮಗ್ಗುಲು ಬಳಸಿ ಇನ್ನೊಂದನ್ನು ತುಕ್ಕು ಹಿಡಿಸಿದರೆ ನನಗೆ ಸಂಕಟವಾಗುತ್ತದೆ. ತನ್ನ ಕೊರತೆ ಹೇಳಿಕೊಳ್ಳಬೇಕಾದಾಗ ಮಾತ್ರ ಈಗಿನವರಿಗೆ 'ವೀಕ್‌ನೆಸ್' ಬೇಕು, 'ಮೈನಸ್ ಪಾಯಿಂಟ್' ಬೇಕು.

ಈ ಸೀಮೆಗೆ ಈ ಪದದ ಋಣ ಇದೆ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿ ಬರೆದು, ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿ ಮನೆಮನೆ ಮುಟ್ಟಿಸಿದ 'ಕುರೈ ಒನ್ರುಂ ಇಲ್ಲೈ' (ಕೊರತೆ ಒಂದೂ ಇಲ್ಲ) ಹಾಡು ನಿಂತಿರುವುದೇ ಇದರ ಮೇಲೆ. ಅದು ಕೃಷ್ಣನ ಮುಂದೆ ಆಡಿದ ಮಾತು. ಕನ್ನಡ ಬೈಬಲಿನ 23ನೇ ಕೀರ್ತನೆ ಮೊದಲ ವಚನದಲ್ಲೇ ಕುರುಬನನ್ನೂ ಕೊರತೆಯನ್ನೂ ಅಕ್ಕಪಕ್ಕ ಕೂರಿಸುತ್ತದೆ. ಕುರಿಮಂದೆ ಕಂಡು ಬೆಳೆದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಈಗ ನನ್ನ ವಾದಕ್ಕೆ ಬರುತ್ತೇನೆ. ಕೊರತೆ ಎಂದರೆ ಕಡಿಮೆಯಾದದ್ದು ಎಂದು ಹೇಳಿ ಮುಗಿಸುವವರನ್ನು ನಾನು ಒಪ್ಪುವುದಿಲ್ಲ. ನನ್ನ ಕಿವಿಗೆ ಕೊರೆದದ್ದೇ ಕೊರತೆ. ಬೋರು ಕೊರೆಸುತ್ತೇವೆ, ಚಳಿ ಕೊರೆಯುತ್ತದೆ, ಮಾತು ಜಾಸ್ತಿಯಾದರೆ ತಲೆ ಕೊರೆಯಬೇಡ ಎನ್ನುತ್ತೇವೆ. ಎಲ್ಲ ಕಡೆಯೂ ಏನೋ ಒಂದು ಒಳಕ್ಕೆ ಇಳಿದು ಜಾಗ ಮಾಡುತ್ತದೆ.

ಇದನ್ನು ನನಗೆ ಕಲಿಸಿದ್ದು ನಿಘಂಟಲ್ಲ, ನಮ್ಮಜ್ಜಿಯ ಒರಳು. ತಳಿ ಊರಿನ ಕಡೆಯ ನಮ್ಮ ಹಿತ್ತಲಿಗೆ ಒಂದು ಬೆಳಿಗ್ಗೆ ಗಾಡಿಯಲ್ಲಿ ಕರಿಕಲ್ಲು ಬಂತು. ನುಣ್ಣಗೆ, ಚೌಕವಾಗಿ, ಕೂರಲು ಮಣೆಯಂತಿತ್ತು. ನಾನು ಆಗಲೇ ಅದರ ಮೇಲೆ ಹತ್ತಿ ಕೂತಿದ್ದೆ. ಕಲ್ಲುಕುಟಿಗ ನನ್ನನ್ನು ಇಳಿಸಿ, ನಡುವೆ ಸುಣ್ಣದಲ್ಲಿ ಒಂದು ದುಂಡು ಗೆರೆ ಎಳೆದ. ಆಮೇಲೆ ಉಳಿ, ಸುತ್ತಿಗೆ. ಟಣ್ ಟಣ್ ಎಂದು ಮೂರು ದಿನ. ಚೂರುಗಳು ಕಾಲಿಗೆ ಸಿಡಿಯುತ್ತಿದ್ದವು, ಬೂದಿಬಣ್ಣದ ಪುಡಿ ಅವನ ಹುಬ್ಬಿನ ಮೇಲೆ ಕೂತಿತ್ತು. ಒಳ್ಳೇ ಕಲ್ಲನ್ನು ಕೆಡಿಸ್ತಾವ್ನೆ ಎಂದು ನಾನು ಅಳತೊಡಗಿದೆ. ಅಜ್ಜಿ ಸೆರಗಿನಲ್ಲಿ ನನ್ನ ಮೂಗು ಒರೆಸಿ ಹೇಳಿದಳು: "ಕೊರೀದಿದ್ರೆ ಹಿಟ್ಟು ಎಲ್ಲಿ ನಿಲ್ತದೆ ಮಗಾ?"

ಆ ಕುಳಿಯಲ್ಲಿ ಅವಳು ಮೂವತ್ತು ವರ್ಷ ದೋಸೆಹಿಟ್ಟು ರುಬ್ಬಿದಳು. ಕಲ್ಲು ಕಳೆದುಕೊಂಡ ಜಾಗವೇ ಊರಿಗೆಲ್ಲ ಬೇಕಾದ ಜಾಗವಾಯಿತು. ಸವೆದು ನುಣ್ಣಗಾದಾಗ ಅದೇ ಕಲ್ಲುಕುಟಿಗನನ್ನು ಕರೆದು ಮತ್ತೆ ಉಳಿ ಹಾಕಿಸುತ್ತಿದ್ದಳು.

ಉಪದೇಶಿಗಳು ಅವತ್ತು ಹೇಳಿದ್ದೂ ಇದನ್ನೇ, ಬೇರೆ ಹೆಸರುಗಳಲ್ಲಿ. ಮೋಶೆಗೆ ನಾಲಿಗೆ ಹೊರಳದು. ಅವನನ್ನೇ ಫರೋಹನ ಮುಂದೆ ಕಳಿಸಿದ ದೇವರು, ಮಾತಿಗೆ ಅಣ್ಣ ಆರೋನನನ್ನು ಜೊತೆ ಮಾಡಿದ. ಪೇತ್ರ ಕೋಳಿ ಕೂಗುವ ಮುಂಚೆ ಮೂರು ಸಲ ಯೇಸುವನ್ನು ಅರಿಯೆನೆಂದ. ಕುರಿ ಕಾಯುವ ಕೆಲಸ ಅವನ ಪಾಲಿಗೇ ಬಂತು. "ಕೊರತೆ ಇರಲಿ, ಕೊರಗು ಬೇಡ" ಎಂದರು ಹಿರಿಯರು. ಎರಡು ಪದಗಳ ನಡುವೆ ಇಷ್ಟು ಸ್ಪಷ್ಟವಾಗಿ ಬೇಲಿ ಹಾಕಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಕೊರಗುವವನು ತನ್ನ ಕುಳಿಯನ್ನೇ ನೋಡುತ್ತ ಕೂರುತ್ತಾನೆ. ನಂಬುವವನು ಅದನ್ನು ತುಂಬುವವನ ಕಡೆಗೆ ಮುಖ ಮಾಡುತ್ತಾನೆ.

ಹಾಗಾಗಿ ಈ ಪದವನ್ನು ಸೋಮವಾರದ ಅರ್ಜಿಗೆ ಮಾತ್ರ ಬಿಟ್ಟುಕೊಡಬೇಡಿ ಎಂಬುದು ನನ್ನ ಕೋರಿಕೆ. ದಿನಕ್ಕೊಮ್ಮೆಯಾದರೂ "ನನ್ನಲ್ಲಿ" ಎಂದು ಮುಂದೆ ಸೇರಿಸಿ ಆಡಿ ನೋಡಿ. ಹೊಸೂರಿನ ಆ ಹಿರಿಯರ ಕಣ್ಣು ಚೆನ್ನಾಗಿದ್ದಿದ್ದರೆ, ಚಾಪೆಯ ಮೇಲಿನ ಆ ಹುಡುಗಿ ಅವತ್ತು ಎದ್ದು ನಿಂತು ಓದುತ್ತಲೇ ಇರಲಿಲ್ಲ.