ಬಿಯರ್ಡೆಡ್ ಡ್ರ್ಯಾಗನ್‌ಗೆ ಯಾವ ಆಹಾರ ಹಿತ, ಯಾವುದು ಅಹಿತ?

ಬೆಂಗಳೂರು: ವಿಜಯನಗರಕ್ಕೆ ಹೊಂದಿಕೊಂಡ ಮಾರೇನಹಳ್ಳಿಯಂತಹ ಬಡಾವಣೆಗಳ ಸೊಪ್ಪಿನ ಗಾಡಿಯಲ್ಲಿ ದೊರೆಯುವುದೆಲ್ಲ ಮನುಷ್ಯರಿಗೆ ಹಿತವಾದರೂ, ಮನೆಯಲ್ಲಿ ಸಾಕಿದ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿಗೆ ಹಿತವಲ್ಲ. ಪ್ರೀತಿಯಿಂದ ದಿನವೂ ಹಾಕುವ ಪಾಲಕ್ ಸೊಪ್ಪೇ ಅದರ ಮೂಳೆಯನ್ನು ದುರ್ಬಲಗೊಳಿಸಬಹುದು.

ಗಂಟಲಿನ ಕೆಳಗೆ ಗಡ್ಡದಂತೆ ಉಬ್ಬುವ ಮುಳ್ಳುಚರ್ಮವುಳ್ಳ ಈ ಸರೀಸೃಪದ ತವರು ಆಸ್ಟ್ರೇಲಿಯಾದ ಒಣಪ್ರದೇಶ. ಇದು ಕೀಟ ಮತ್ತು ಸಸ್ಯ ಎರಡನ್ನೂ ತಿನ್ನುತ್ತದೆ. ಮರಿಗಳಿಗೆ ಆಹಾರದ ಹೆಚ್ಚಿನ ಪಾಲು ಕೀಟವಾಗಿರಬೇಕು. ಒಂದೂವರೆ ವರ್ಷದ ಹೊತ್ತಿಗೆ ಪ್ರಾಯಕ್ಕೆ ಬಂದವುಗಳಿಗೆ ಹೆಚ್ಚಿನ ಪಾಲು ಸೊಪ್ಪು, ತರಕಾರಿ. ಸಂಪೂರ್ಣ ಸಸ್ಯಾಹಾರಿಯಾದ ಹಸಿರು ಇಗ್ವಾನಾದ ಪಥ್ಯ ಇದಕ್ಕೆ ಹೊಂದದು.

ಕ್ಯಾಲ್ಸಿಯಂ ಲೆಕ್ಕ

ಆಹಾರದಲ್ಲಿ ರಂಜಕದ ಎರಡರಷ್ಟು ಕ್ಯಾಲ್ಸಿಯಂ ಇರುವುದು ಲೇಸು. ಬಹುಪಾಲು ಕೀಟಗಳಲ್ಲಿ ಈ ಲೆಕ್ಕ ತಲೆಕೆಳಗಾಗಿರುತ್ತದೆ. ಆದ್ದರಿಂದ ಕೀಟಗಳಿಗೆ ಹಿಂದಿನ ದಿನವೇ ಪೌಷ್ಟಿಕ ಸೊಪ್ಪು ತಿನ್ನಿಸಿ, ಕೊಡುವಾಗ ಕ್ಯಾಲ್ಸಿಯಂ ಪುಡಿ ಲೇಪಿಸುವುದು ರೂಢಿ. ಪಾಲಕ್, ಬಸಳೆ, ದಂಟಿನ ಸೊಪ್ಪುಗಳಲ್ಲಿರುವ ಆಕ್ಸಾಲಿಕ್ ಆಮ್ಲ ಕ್ಯಾಲ್ಸಿಯಂ ಅನ್ನು ಹಿಡಿದಿಡುವುದರಿಂದ ಅವು ನಿತ್ಯದ ಆಹಾರವಾಗಬಾರದು. ಎಲೆಕೋಸು ಅಪರೂಪಕ್ಕೆ ಸಾಕು. ದಾಸವಾಳದ ಎಲೆ-ಹೂ, ಹಿಪ್ಪುನೇರಳೆ ಎಲೆ, ತುರಿದ ಸಿಹಿಕುಂಬಳಗಳನ್ನು ಬದಲಿಸಿ ಬದಲಿಸಿ ಕೊಡಬಹುದು. ಪರಂಗಿ, ಅಂಜೂರದಂತಹ ಹಣ್ಣು ವಾರಕ್ಕೊಮ್ಮೆ ಒಂದೆರಡು ತುಣುಕು ಮಾತ್ರ.

ರೇಷ್ಮೆ ನಾಡಿನ ಅನುಕೂಲ

ಮೃದು ದೇಹದ ರೇಷ್ಮೆಹುಳು ಈ ಪ್ರಾಣಿಗೆ ಉತ್ತಮ ಆಹಾರ. ದೇಶದಲ್ಲಿ ರೇಷ್ಮೆ ಉತ್ಪಾದನೆಗೆ ಹೆಸರಾದ ಕರ್ನಾಟಕದಲ್ಲಿ ಅದು ಅಪರೂಪದ ವಸ್ತುವಲ್ಲ. ಆದರೆ ಸಾಕಣೆ ಮನೆಗಳಲ್ಲಿ ರೋಗ ತಡೆಗೆ ಹುಳುಗಳ ಮೇಲೆ ಸೋಂಕುನಿವಾರಕ ಪುಡಿ ಉದುರಿಸುವುದುಂಟು. ಅಂತಹ ಹುಳುಗಳನ್ನು ಬಳಸಬಾರದು. ಯಾವುದೇ ಕೀಟ ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು.

ಅಪಾಯದ ಪಟ್ಟಿ

ಬೆಣ್ಣೆಹಣ್ಣು, ಈರುಳ್ಳಿ, ಬೆಳ್ಳುಳ್ಳಿ ವರ್ಜ್ಯ. ಹಾಲು, ಮೊಸರು, ಉಪ್ಪು-ಖಾರದ ಅಡುಗೆಯೂ ಸಲ್ಲದು. ಮನೆಯ ಜಿರಳೆ, ಬಯಲಿನ ಮಿಡತೆಗಳಲ್ಲಿ ಕೀಟನಾಶಕ ಇರಬಹುದು. ಎಲ್ಲಕ್ಕಿಂತ ಅಪಾಯಕಾರಿ ಮಿಂಚುಹುಳು: ಅದನ್ನು ತಿಂದ ಬಿಯರ್ಡೆಡ್ ಡ್ರ್ಯಾಗನ್‌ಗಳು ಸತ್ತ ಬಗ್ಗೆ 1999ರಲ್ಲಿ ಅಮೆರಿಕದ ಸಂಶೋಧಕರು ವರದಿ ಪ್ರಕಟಿಸಿದ್ದರು. ಅಲ್ಲಿನ ಮಿಂಚುಹುಳುಗಳಲ್ಲಿರುವ ವಿಷ ನೆಲಗಪ್ಪೆಯ ವಿಷವನ್ನು ಹೋಲುತ್ತದೆ. ಮಳೆಗಾಲದ ಆರಂಭದಲ್ಲಿ ಇಲ್ಲಿಯೂ ಮಿಂಚುಹುಳು ಕಾಣುವುದರಿಂದ ಎಚ್ಚರ ಅಗತ್ಯ.

ಆಹಾರವೊಂದೇ ಸಾಲದು

ಕ್ಯಾಲ್ಸಿಯಂ ದೇಹಕ್ಕೆ ಒಗ್ಗಲು 'ಡಿ3' ಜೀವಸತ್ವ ಬೇಕು; ಅದು ಚರ್ಮದಲ್ಲಿ ತಯಾರಾಗಲು ನೇರಳಾತೀತ 'ಬಿ' ಕಿರಣ ಬೇಕು. ಕಿಟಕಿ ಗಾಜು ಈ ಕಿರಣವನ್ನು ಬಹುಮಟ್ಟಿಗೆ ತಡೆಯುವುದರಿಂದ ವಿಶೇಷ ದೀಪ ಅನಿವಾರ್ಯ. ಜೀರ್ಣಕ್ರಿಯೆಗೆ ಗೂಡಿನ ಒಂದು ಬದಿ ಸುಮಾರು 40 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದು, ಇನ್ನೊಂದು ಬದಿ ತಂಪಾಗಿರಬೇಕು.

ಕಾಲು ನಡುಗುವುದು, ದವಡೆ ಮೆತ್ತಗಾಗುವುದು, ಬೆನ್ನು ಬಾಗುವುದು ಮೂಳೆರೋಗದ ಸೂಚನೆಗಳು. ಬಾಗಿದ ಮೂಳೆ ಬಹುತೇಕ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಮೊದಲ ಲಕ್ಷಣ ಕಂಡೊಡನೆ ಸರೀಸೃಪಗಳ ಅನುಭವವುಳ್ಳ ಪಶುವೈದ್ಯರನ್ನು ಕಾಣುವುದು ಒಳಿತು.