ಮುಪ್ಪೂ ಮೆದುಳಿನ ಆಹಾರವೂ

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ವಯಸ್ಸಾದಂತೆ ನೆನಪು ಮಾಸುವುದೂ ಬುದ್ಧಿಯ ಚುರುಕು ಕುಗ್ಗುವುದೂ ಕಾಲಧರ್ಮವೆಂದು ಜನರು ಬಹುಕಾಲದಿಂದ ನಂಬಿಕೊಂಡು ಬಂದಿದ್ದಾರೆ. ಅದರೊಡನೆಯೇ, ತಕ್ಕ ಪದಾರ್ಥವನ್ನು ಸೇವಿಸಿ ಅದನ್ನು ತಡೆಯಬಹುದೆಂಬ ಆಶೆಯನ್ನೂ ಅವರು ಬಿಟ್ಟಿಲ್ಲ. ಚರಕಸಂಹಿತೆಯ ರಸಾಯನಪ್ರಕರಣದಲ್ಲಿ ಒಂದೆಲಗದ ರಸ, ಹಾಲಿನೊಡನೆ ಜೇಷ್ಠಮಧುವಿನ ಪುಡಿ, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ ಈ ನಾಲ್ಕನ್ನು ಮೇಧ್ಯರಸಾಯನಗಳೆಂದು ಹೇಳಿದೆ. ಇಂದು ಅದೇ ಆಶೆಯು ಗುಳಿಗೆಯ ರೂಪವನ್ನು ತಾಳಿ ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ. ಮೆದುಳು ಯಾವುದನ್ನು ಉಂಡು ಕೆಲಸಮಾಡುತ್ತದೆ, ಆ ಶಕ್ತಿಯನ್ನು ಹೊರಗಿನಿಂದ ಹೆಚ್ಚಿಸಬಹುದೆ ಎಂಬ ಪ್ರಶ್ನೆಗಳಿಗೆ ಸುಮಾರು ಮುನ್ನೂರು ವರ್ಷಗಳಲ್ಲಿ ದೊರೆತ ಉತ್ತರವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸುವೆನು.

ಈ ಚರಿತ್ರೆಯು ರಂಜಕದಿಂದ ಮೊದಲಾಗುತ್ತದೆ. 1669ರಲ್ಲಿ ಹ್ಯಾಂಬರ್ಗ್ ಪಟ್ಟಣದ ಹೆನಿಗ್ ಬ್ರಾಂಡ್ ಎಂಬ ರಸವಾದಿಯು ಮೂತ್ರವನ್ನು ಬತ್ತಿಸಿ ಭಟ್ಟಿಯಿಳಿಸುವಾಗ, ಕತ್ತಲೆಯಲ್ಲಿ ತಾನಾಗಿ ಹೊಳೆಯುವ ಈ ವಸ್ತುವನ್ನು ಪಡೆದನು. ಅದಾದ 50 ವರ್ಷಗಳಿಗೆ, 1719ರಲ್ಲಿ, ಜರ್ಮನಿಯ ಗೀಸೆನ್ ನಗರದ ಹೆನ್ಸಿಂಗನು ಮೆದುಳಿನಲ್ಲಿಯೂ ರಂಜಕವಿರುವುದನ್ನು ತೋರಿಸಿದನು. ಕತ್ತಲೆಯಲ್ಲಿ ಬೆಳಗುವ ವಸ್ತುವೇ ಬುದ್ಧಿಯ ನೆಲೆಯಲ್ಲಿಯೂ ಇದೆಯೆಂದ ಮೇಲೆ ಕಲ್ಪನೆಗೆ ಎಲ್ಲೆಯುಂಟೆ? ಮೋಲೆಷಾಟನೆಂಬ ವಿದ್ವಾಂಸನು 1850ರಲ್ಲಿ ಜನಸಾಮಾನ್ಯರಿಗಾಗಿ ಬರೆದ ಆಹಾರವಿಷಯಕ ಗ್ರಂಥದಿಂದ, ಆಲೋಚನೆಗೆ ರಂಜಕವೇ ಮೂಲವೆಂಬ ಅಭಿಪ್ರಾಯವು ಯುರೋಪಿನಲ್ಲೆಲ್ಲ ಹಬ್ಬಿತು. 1869ರಲ್ಲಿ ಅಮೆರಿಕದ ಬಿಯರ್ಡ್ ಎಂಬ ವೈದ್ಯನು ನರಶಕ್ತಿಯು ಬರಿದಾಗುವುದೇ ಒಂದು ವ್ಯಾಧಿಯೆಂದು ಪ್ರತಿಪಾದಿಸಿದನು. ಹೀಗೆ ರೋಗಕ್ಕೆ ಹೆಸರೂ ಮದ್ದಿಗೆ ಯುಕ್ತಿಯೂ ದೊರೆತಮೇಲೆ, ರಂಜಕದ ಲವಣಗಳಿಂದ ಮಾಡಿದ ಟಾನಿಕ್ಕುಗಳು ಆ ಶತಮಾನದ ಕೊನೆಯಲ್ಲಿ ಹೇರಳವಾಗಿ ಮಾರಾಟವಾದುವು. ಆದರೆ ನಾವು ದಿನವೂ ತಿನ್ನುವ ಧಾನ್ಯ, ಬೇಳೆ, ಹಾಲುಗಳಲ್ಲಿಯೇ ರಂಜಕವು ಬೇಕಾದಷ್ಟಿರುತ್ತದೆ. ಮಿಕ್ಕುದನ್ನು ಮೂತ್ರಪಿಂಡಗಳು ಹೊರಕ್ಕೆ ಕಳುಹಿಸುತ್ತವೆ. ಬ್ರಾಂಡನು ರಂಜಕವನ್ನು ಎಲ್ಲಿಂದ ತೆಗೆದನೋ ಅಲ್ಲಿಗೇ ಟಾನಿಕ್ಕು ಕೊಂಡವರ ಹಣವೂ ಹೋಯಿತು.

ನಿಜವಾದ ಸುಳಿವು ದೊರೆತದ್ದು ಜಾವಾ ದ್ವೀಪದ ಕೋಳಿಗಳಿಂದ. 1890ರ ದಶಕದಲ್ಲಿ, ಇಂದು ಜಕಾರ್ತವೆನಿಸಿರುವ ಬಟೇವಿಯಾ ನಗರದಲ್ಲಿ, ಐಕ್‌ಮನ್ ಎಂಬ ಡಚ್ ವೈದ್ಯನು ಒಂದು ಸಂಗತಿಯನ್ನು ಗಮನಿಸಿದನು. ತೌಡು ತೆಗೆದ ಬಿಳಿಯ ಅಕ್ಕಿಯನ್ನೇ ತಿಂದ ಕೋಳಿಗಳು ಬೆರಿಬೆರಿಯಂತಹ ರೋಗದಿಂದ ಕಾಲು ಸೋತು ಬೀಳುತ್ತಿದ್ದುವು. ತೌಡನ್ನು ಕೊಟ್ಟರೆ ಚೇತರಿಸಿಕೊಳ್ಳುತ್ತಿದ್ದುವು. ತೌಡಿನಲ್ಲಿದ್ದ ಆ ಸತ್ವವನ್ನು 1926ರಲ್ಲಿ ಅದೇ ನಗರದಲ್ಲಿ ಯಾನ್ಸೆನ್, ಡೊನಾತ್ ಎಂಬಿಬ್ಬರು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಥಯಾಮಿನ್ ಎನ್ನುವ ಬಿ-1 ಜೀವಸತ್ವವು ಇದೇ. ನಮ್ಮ ಕರಾವಳಿಯ ಕುಚ್ಚಲಕ್ಕಿಯಲ್ಲಿ, ಭತ್ತವನ್ನು ಬೇಯಿಸುವಾಗಲೇ ಈ ಸತ್ವವು ಕಾಳಿನೊಳಕ್ಕೆ ಇಳಿಯುವುದರಿಂದ, ಗಿರಣಿಗೆ ಹಾಕಿದ ಮೇಲೂ ಅದರ ಹೆಚ್ಚಿನ ಪಾಲು ಉಳಿದಿರುತ್ತದೆ.

ಈ ಸತ್ವಕ್ಕೂ ಮೆದುಳಿಗೂ ಇರುವ ನಂಟನ್ನು ಬಿಡಿಸಿ ತೋರಿಸಿದವನು ಆಕ್ಸ್‌ಫರ್ಡಿನ ರುಡಾಲ್ಫ್ ಪೀಟರ್ಸನು. 1930ರ ಸುಮಾರಿನಲ್ಲಿ ಅವನು, ಬಿಳಿಯ ಅಕ್ಕಿಯನ್ನೇ ತಿಂದು ಕುತ್ತಿಗೆ ಹಿಂದಕ್ಕೆ ಸೆಟೆದುಹೋದ ಪಾರಿವಾಳಗಳ ಮೆದುಳನ್ನು ಪರೀಕ್ಷಿಸಿದನು. ಅದರಲ್ಲಿ ಲ್ಯಾಕ್ಟಿಕ್ ಆಮ್ಲವು ಕೂಡಿಕೊಂಡಿತ್ತು. ಆಮ್ಲಜನಕದ ಬಳಕೆಯು ಕುಗ್ಗಿತ್ತು. ಸಕ್ಕರೆಯಿದ್ದೂ ಅದು ಪೂರ್ಣವಾಗಿ ಉರಿಯದೆ ನಡುದಾರಿಯಲ್ಲಿ ನಿಂತುಹೋಗಿತ್ತೆಂಬುದು ಇದರ ತಾತ್ಪರ್ಯ. ಗಾಜಿನ ಪಾತ್ರೆಯಲ್ಲಿಟ್ಟ ಆ ಮೆದುಳಿಗೆ ಅತ್ಯಲ್ಪ ಪ್ರಮಾಣದ ಬಿ-1 ಸೇರಿಸಲು ಅದು ಮತ್ತೆ ಆಮ್ಲಜನಕವನ್ನು ಹೀರತೊಡಗಿತು. ಆದರೆ ಆರೋಗ್ಯವಾಗಿದ್ದ ಪಾರಿವಾಳದ ಮೆದುಳಿಗೆ ಅದನ್ನೇ ಸೇರಿಸಿದಾಗ ಅಂತಹ ಫಲವು ಕಾಣಲಿಲ್ಲ. ವಾಚಕರು ಈ ಕೊನೆಯ ಮಾತನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು. ಕೊರತೆಯನ್ನು ತುಂಬುವುದು ಬೇರೆ, ತುಂಬಿದ ಕೊಡಕ್ಕೆ ನೀರು ಸುರಿಯುವುದು ಬೇರೆ.

ಇಷ್ಟರಲ್ಲಿ ರಂಜಕದ ರಹಸ್ಯವೂ ಹೊರಬಿದ್ದಿತು. ಅದನ್ನು ಹೊರಗೆಡಹಿದವರಲ್ಲಿ ಒಬ್ಬರು ಆಂಧ್ರದೇಶದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯವಿದ್ಯೆ ಕಲಿತು, ಅಮೆರಿಕದ ಹಾರ್ವರ್ಡ್ ವಿದ್ಯಾಪೀಠವನ್ನು ಸೇರಿದ ಯೆಲ್ಲಾಪ್ರಗಡ ಸುಬ್ಬರಾಯರು. ಅವರೂ ಫಿಸ್ಕ್ ಎಂಬ ಪಂಡಿತನೂ ಕೂಡಿ 1927ರಲ್ಲಿ ಸ್ನಾಯುಗಳಲ್ಲಿ ಫಾಸ್ಫೊಕ್ರಿಯೇಟಿನ್ ಎಂಬ ಪದಾರ್ಥವನ್ನೂ, 1929ರಲ್ಲಿ ಅಡೆನೊಸಿನ್ ಟ್ರೈಫಾಸ್ಫೇಟ್ ಎಂಬುದನ್ನೂ ಕಂಡುಹಿಡಿದರು. ಈ ಎರಡನೆಯದನ್ನು ಅದೇ ವರ್ಷ ಜರ್ಮನಿಯಲ್ಲಿ ಲೋಮನನೂ ಸ್ವತಂತ್ರವಾಗಿ ಕಂಡನು. ಸಕ್ಕರೆಯು ಉರಿದು ಬರುವ ಶಕ್ತಿಯು ಈ ರಂಜಕಬಂಧದಲ್ಲಿ ಸಂಗ್ರಹವಾಗಿ, ಬೇಕೆಂದಲ್ಲಿ ವೆಚ್ಚವಾಗುತ್ತದೆ. ಮೆದುಳೂ ನಡೆಯುವುದು ಇದರಿಂದಲೇ. ಹೀಗಿರಲು ಮೋಲೆಷಾಟನ ಊಹೆಯು ತೀರ ಹುಸಿಯಾಗಿರಲಿಲ್ಲ. ಅದರಿಂದ ವ್ಯಾಪಾರಿಗಳು ತೆಗೆದ ತೀರ್ಮಾನವೇ ಹುಸಿ. ನಾಣ್ಯವು ಕೈಯಿಂದ ಕೈಗೆ ತಿರುಗುವಂತೆ ಒಂದೇ ರಂಜಕವು ಮತ್ತೆ ಮತ್ತೆ ಬಳಕೆಯಾಗುತ್ತದೆಯಲ್ಲದೆ ತೀರಿಹೋಗುವುದಿಲ್ಲ.

ಜೀವಂತ ಮನುಷ್ಯನ ಮೆದುಳಿನ ವೆಚ್ಚವನ್ನು ಅಳೆದವರು ಫಿಲಡೆಲ್ಫಿಯಾದ ಕೆಟಿ, ಷ್ಮಿಟ್ ಎಂಬಿಬ್ಬರು. ನಗೆ ಅನಿಲವನ್ನು ಅಲ್ಪವಾಗಿ ಉಸಿರಾಡಿಸಿ, ಮೆದುಳಿಗೆ ಹೋಗುವ ರಕ್ತವನ್ನೂ ಅಲ್ಲಿಂದ ಹಿಂದಿರುಗುವ ರಕ್ತವನ್ನೂ ಪರೀಕ್ಷಿಸಿ ಲೆಕ್ಕಹಾಕುವುದು ಅವರ ವಿಧಾನ. 1948ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ, 100 ಗ್ರಾಂ ಮೆದುಳು ನಿಮಿಷಕ್ಕೆ ಸುಮಾರು 3.3 ಮಿಲಿಲೀಟರು ಆಮ್ಲಜನಕವನ್ನು ಬಳಸುತ್ತದೆ. ದೇಹದ ತೂಕದಲ್ಲಿ ನೂರಕ್ಕೆ 2 ಪಾಲಾಗಿರುವ ಮೆದುಳು, ವಿಶ್ರಾಂತಿಯಲ್ಲಿರುವ ದೇಹದ ಆಮ್ಲಜನಕದಲ್ಲಿ ಐದನೆಯ ಒಂದು ಪಾಲನ್ನು ತಾನೇ ಉಣ್ಣುತ್ತದೆಂದಾಯಿತು. 1955ರಲ್ಲಿ ಲೆಕ್ಕ ಮಾಡುತ್ತಿರುವವರ ಮೆದುಳನ್ನು ಹೀಗೆಯೇ ಪರೀಕ್ಷಿಸಲು, ಒಟ್ಟು ವೆಚ್ಚವು ಹೆಚ್ಚಿರಲಿಲ್ಲ!

ಮುಪ್ಪಿನ ಮಾತೇನು? ಆ ಕಾಲದಲ್ಲಿ ಅಮೆರಿಕದ ಬೆಥೆಸ್ಡದಲ್ಲಿ ಕೆಟಿ, ಸೊಕೊಲಾಫ್ ಮೊದಲಾದವರು ವೃದ್ಧರ ಮೆದುಳನ್ನು ಪರೀಕ್ಷಿಸಿದರು. ಅವರಲ್ಲಿ ಭಾರತೀಯರಾದ ದರಾಬ್ ದಸ್ತೂರರೂ ಇದ್ದರು. 1963ರಲ್ಲಿ ಪ್ರಕಟವಾದ ಫಲಿತಾಂಶವು ಗಾದೆಗೆ ವಿರುದ್ಧವಾಗಿತ್ತು. ಪೂರ್ಣ ಆರೋಗ್ಯವಂತರಾದ ವೃದ್ಧರ ಮೆದುಳಿನ ಆಮ್ಲಜನಕದ ಬಳಕೆಯು ತರುಣರದಕ್ಕಿಂತ ಹೇಳಿಕೊಳ್ಳುವಷ್ಟು ಕಡಿಮೆಯಿರಲಿಲ್ಲ. ಕುಂದು ಕಂಡದ್ದು ಮುಖ್ಯವಾಗಿ ರೋಗಪೀಡಿತರಲ್ಲಿ. ಆಲ್ಝೈಮರ್ ರೋಗದಲ್ಲಿ ಮೆದುಳಿನ ಕೆಲವು ಭಾಗಗಳು ದ್ರಾಕ್ಷಾಸಕ್ಕರೆಯನ್ನು ಕಡಮೆ ಬಳಸುವುದು ಅನಂತರದ ಯಂತ್ರಗಳಿಂದ ಸ್ಪಷ್ಟವಾಗಿದೆ. ಆದರೆ ಅದು ಉಣಿಸಿನ ಕೊರತೆಯಷ್ಟೇ ಅಲ್ಲ. ಉಣ್ಣತಕ್ಕ ಕಣಗಳೇ ನಶಿಸುತ್ತಿರುತ್ತವೆ. ನೆನಪಿಗೆ ಒಳ್ಳೆಯದೆಂದು ಹೆಸರಾದ ಗಿಂಕೊ ಎಲೆಯ ಸಾರವನ್ನು ಅಮೆರಿಕದಲ್ಲಿ 75 ವರ್ಷ ಮತ್ತು ಮೇಲ್ಪಟ್ಟ 3069 ಮಂದಿಯಲ್ಲಿ ಪರೀಕ್ಷಿಸಿ ನೋಡಿದರು. ಅರ್ಧದಷ್ಟು ಜನರಿಗೆ ಸಾರ, ಉಳಿದವರಿಗೆ ಹುಸಿಗುಳಿಗೆ. 2008ರಲ್ಲಿ ಪ್ರಕಟವಾದ ವರದಿಯಂತೆ, ಸುಮಾರು 6 ವರ್ಷಗಳ ಸೇವನೆಯಿಂದಲೂ ಮರೆವಿನ ರೋಗವು ಕಡಿಮೆಯಾಗಲಿಲ್ಲ.

ಹಾಗಾದರೆ ಗುಳಿಗೆಗಳೆಲ್ಲ ವ್ಯರ್ಥವೆಂದು ವಾಚಕರು ಭಾವಿಸಕೂಡದು. ಮಾಂಸ, ಮೀನು, ಮೊಟ್ಟೆ, ಹಾಲುಗಳಲ್ಲದೆ ಸಸ್ಯಗಳಲ್ಲಿ ದೊರೆಯದ ಬಿ-12 ಎಂಬ ಜೀವಸತ್ವವನ್ನು 1948ರಲ್ಲಿ ಬೇರ್ಪಡಿಸಿದರು. ವಯಸ್ಸಾದಂತೆ ಎಷ್ಟೋ ಜನರ ಜಠರವು ಆಹಾರದಿಂದ ಇದನ್ನು ಬಿಡಿಸಿಕೊಳ್ಳಲಾರದು. ಶಾಕಾಹಾರಿಗಳಲ್ಲಿ ಕೊರತೆಯು ಮತ್ತಷ್ಟು ಸುಲಭ. ಆಗ ಕೈಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು, ಮರೆವು, ಮಂಕು ಮೊದಲಾದುವು ತೋರುತ್ತವೆ. ರಕ್ತಪರೀಕ್ಷೆಯಿಂದ ಇದನ್ನು ಅರಿತು ಬೇಗನೆ ಬಿ-12 ಕೊಟ್ಟರೆ ಗುಣವುಂಟು. ತಡವಾದರೆ ನರಗಳಿಗೆ ಆದ ಹಾನಿಯು ಶಾಶ್ವತವಾಗಬಹುದು. ಇಲ್ಲಿಯೂ ಎಚ್ಚರ ಬೇಕು. ಸುಬ್ಬರಾಯರ ನೇತೃತ್ವದಲ್ಲಿ 1940ರ ದಶಕದಲ್ಲಿ ಸಿದ್ಧವಾದ ಫೋಲಿಕ್ ಆಮ್ಲವು ಅಮೂಲ್ಯವಾದ ಔಷಧವೇ ಸರಿ. ಆದರೆ ಬಿ-12 ಕೊರತೆಯುಳ್ಳವನಿಗೆ ಅದೊಂದನ್ನೇ ಕೊಟ್ಟರೆ ರಕ್ತಹೀನತೆಯು ಮರೆಯಾಗಿ, ನರಗಳ ನಾಶವು ಒಳಗೊಳಗೆ ಮುಂದುವರಿಯಬಲ್ಲದು. ಪರೀಕ್ಷಿಸದೆ ನುಂಗಿದ ಒಳ್ಳೆಯ ವಸ್ತುವೂ ರೋಗಕ್ಕೆ ಮುಸುಕಾದೀತು.

ಆದುದರಿಂದ ಈ ಚರಿತ್ರೆಯು ಎರಡು ತಪ್ಪುಗಳನ್ನು ನಮಗೆ ತೋರಿಸುತ್ತದೆ. ಕೊರತೆಯೇ ಇಲ್ಲದವನು ಹಣ ತೆತ್ತು ಮೆದುಳಿಗೆ ಶಕ್ತಿಯನ್ನು ಕೊಳ್ಳಹೊರಡುವುದು ಒಂದು. ಮನೆಯ ಹಿರಿಯರ ಮಾತು ತಡವರಿಸಿದಾಗ, ಹೆಜ್ಜೆ ತಪ್ಪಿದಾಗ, ಅರಳುಮರಳೆಂದು ನಕ್ಕು ಸುಮ್ಮನಾಗುವುದು ಇನ್ನೊಂದು. ಮೊದಲನೆಯದರಿಂದ ಹೆಚ್ಚಾಗಿ ಹಣ ಹೋಗುತ್ತದೆ. ಎರಡನೆಯದರಿಂದ ಮನುಷ್ಯನೇ ಕೈಬಿಟ್ಟು ಹೋಗಬಹುದು. ಗಾದೆಯನ್ನು ನಂಬುವ ಮುನ್ನ ಒಮ್ಮೆ ವೈದ್ಯರನ್ನು ಕೇಳುವುದು ಮಕ್ಕಳ ಕರ್ತವ್ಯವಾಗಿದೆ.