ಗಣಕಯಂತ್ರದಲ್ಲಿ ಕನ್ನಡ ಅಕ್ಷರ ನಡೆದು ಬಂದ ದಾರಿ



ತೀರಿಕೊಂಡ ಸದಸ್ಯರ ಷೇರುಗಳನ್ನು ಮಕ್ಕಳ ಹೆಸರಿಗೆ ವರ್ಗಾಯಿಸಲು ಸಂಘದ ಹಳೇ ಪಟ್ಟಿ ಬೇಕಾಯ್ತು. ಹೊಸ ಗಣಕಯಂತ್ರದಲ್ಲಿ ತೆರೆದರೆ ಹಿರಿಯರ ಹೆಸರಿನ ಜಾಗದಲ್ಲಿ ಬರೀ ಇಂಗ್ಲಿಷ್ ಅಕ್ಷರ, ಗೆರೆ, ಚುಕ್ಕೆ! ಬಲ್ಲವರನ್ನು ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಗಣಕಯಂತ್ರಕ್ಕೆ ಗೊತ್ತಿರೋದು ಅಂಕಿ ಮಾತ್ರ. ನಮ್ಮ ಖಾತೆ ನಂಬರಿನಂತೆ ಪ್ರತಿ ಅಕ್ಷರಕ್ಕೂ ಒಂದು ನಂಬರು ಉಂಟು. 1963ರಲ್ಲಿ ಅಮೆರಿಕದಲ್ಲಿ ಬಂದ ಆಸ್ಕಿ ಪಟ್ಟಿಯಲ್ಲಿ ಇದ್ದದ್ದು 128 ಸ್ಥಾನ, ಅದರಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ. ಮುಂದೆ ಸ್ಥಾನಗಳು 256 ಆದವು. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ನಮ್ಮ ದೇಶದ ಲಿಪಿಗಳಿಗಾಗಿ ಇಸ್ಕಿ ಎಂಬ ಪಟ್ಟಿ ಹೊರಡಿಸಿತು. ಆದರೂ ಅನೇಕ ಫಾಂಟುಗಳು ಇಂಗ್ಲಿಷ್ ಅಕ್ಷರದ ನಂಬರುಗಳಲ್ಲೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದವು. ಒಬ್ಬೊಬ್ಬರದು ಒಂದೊಂದು ಲೆಕ್ಕ. ಆ ಫಾಂಟು ಇಲ್ಲದ ಯಂತ್ರದಲ್ಲಿ ಇಂಗ್ಲಿಷೇ ಕಾಣುತ್ತದೆ.

1991ರಲ್ಲೇ ಶುರುವಾದ ಯೂನಿಕೋಡ್ ಕನ್ನಡಕ್ಕೆ ಪ್ರತ್ಯೇಕ ನಂಬರುಗಳನ್ನು ಕೊಟ್ಟಿತು. ಅದು ಬಳಕೆಗೆ ಬರಲು ಮಾತ್ರ ವರ್ಷಗಳೇ ಹಿಡಿದವು.

ನಮ್ಮ ಪಟ್ಟಿ ಕಳೆದಿರಲಿಲ್ಲ. ಹಳೇ ಫಾಂಟು ಹಾಕಿದಾಗ ಹೆಸರುಗಳು ಕಂಡವು. ಯೂನಿಕೋಡಿಗೆ ಬದಲಾಯಿಸುವಾಗ ಕೆಲವು ಒತ್ತಕ್ಷರ ಕೆಟ್ಟವು. ಕೈಬರಹದ ಷೇರು ಪುಸ್ತಕ ಬಿಚ್ಚಿ, ಒಂದೊಂದೇ ಹೆಸರು ತಾಳೆ ನೋಡಿ ತಿದ್ದಿದೆವು. ಯಂತ್ರ ಬಂತೆಂದು ಆ ಪುಸ್ತಕವನ್ನು ರದ್ದಿಗೆ ಹಾಕದೆ ಕಾಪಾಡಿದ ಹಿಂದಿನ ಕಾರ್ಯದರ್ಶಿಗಳಿಗೆ ಸಂಘ ಋಣಿ.